ಕಾಕುವಿನ ರೊಟ್ಟಿ, ನನ್ನ ಅಡುಗೆಕಟ್ಟೆ

ಬಾಡಿಗೆಗೆಂದೇ ಕಟ್ಟಿದ ಕಟ್ಟಡಗಳ ಒಳಗನ್ನು ಸಜ್ಜು ಮಾಡುವುದು ನನ್ನ ಕಸುಬು. ಅಲ್ಲಿ ಯಾರು ಬಂದು ಇರುತ್ತಾರೋ ಮಾಲೀಕರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ. ಎಡವಟ್ಟುಗಳು ಆಗದೆ ಏನಾಗುತ್ತದೆ? ಮಲ್ಕಾಜ್‌ಗಿರಿಯ ಒಂದೇ ಕಟ್ಟಡದಲ್ಲಿ ಆದದ್ದಿಷ್ಟು.

೧. ಬಣ್ಣ

ಮಾಲೀಕರು ತೆಲುಗಿನವರು, ರೈಲ್ವೆಯಿಂದ ನಿವೃತ್ತರು. ಎಲ್ಲ ಪೋರ್ಷನ್ನುಗಳಿಗೂ ಕೊಳೆ ಕಾಣದ ಒಂದೇ ಬಣ್ಣ ಬೇಕೆಂದರು. ಅರ್ಧ ಗೋಡೆಗೆ ಕಂದು, ಮೇಲೆ ಹಳದಿ ಬಳಿಸಿದೆ. ಮೊದಲು ಬಂದ ಬಾಡಿಗೆದಾರರು ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುವ ಧಾರವಾಡದವರು. ವಾರ ಕಳೆದ ಮೇಲೆ ಹೇಗಿದೆ ಮನೆ ಎಂದು ಕೇಳಿದೆ.

"ಛಲೋ ಐತ್ರಿ. ಆದ್ರ ಡ್ಯೂಟಿ ಮುಗಿಸಿ ಮನಿಗೆ ಬಂದೀನೋ, ವೇಟಿಂಗ್ ರೂಮಿನ್ಯಾಗ ಕುಂತೀನೋ ತಿಳಿಯಂಗಿಲ್ಲ."

೨. ಕಟ್ಟೆ

ಮೊದಲ ಮಹಡಿಯ ಪೋರ್ಷನ್ನನ್ನು ಕಾಕುವಿಗೆ ಕೊಡಿಸಿದವನು ನಾನೇ. ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಅವರು ಕಲಬುರ್ಗಿ ಕಡೆಯವರು. ಗಂಡ ಹೋದ ಮೇಲೆ ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಬದುಕುತ್ತಿದ್ದರು. ನಾನು ಮಾಡಿಸಿದ್ದ ಅಡುಗೆಕಟ್ಟೆ ಅವರ ಎದೆಮಟ್ಟಕ್ಕಿತ್ತು. ನಿಂತು ರೊಟ್ಟಿ ಬಡಿಯುವವರನ್ನು ನಾನೂ ಎಲ್ಲೂ ಕಂಡಿರಲಿಲ್ಲ, ಆದರೆ ಅಳತೆ ಬರೆಯುವಾಗ ಅದು ನೆನಪಾಗಲಿಲ್ಲ. ಕಾಕು ಸ್ಟೂಲಿಟ್ಟು ಕಟ್ಟೆಯ ಮೇಲೇ ಹತ್ತಿ, ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತು ಬಡಿಯತೊಡಗಿದರು. ಮೂರನೆಯ ದಿನ ಕಡಪಾ ಕಲ್ಲು ಬಿರಿಯಿತು. ನಾನು ಓಡಿಹೋದೆ. ಕಾಕು ಬಿರುಕನ್ನು ಸವರುತ್ತ ನನ್ನನ್ನೇ ಸಮಾಧಾನ ಮಾಡಿದರು.

"ನೀ ಏನ್ ಮಾಡ್ತಿಯಪ್ಪಾ, ಕಲ್ಲು ಅನ್ನ ಉಣ್ಣೋರ ಪೈಕಿ ಕಾಣ್ತದ."

೩. ಸಪ್ಪಳ

ಕಾಕು ನೆಲಕ್ಕಿಳಿದರು. ಅವರ ನೆಲವೆಂದರೆ ಕೆಳಗಿದ್ದ ಮಾಲೀಕರ ಸೂರು. ಬೆಳಗಿನ ಪೂಜೆಯ ಹೊತ್ತಿಗೇ ದಬದಬ ಶುರುವಾಗುತ್ತಿತ್ತು. ರೊಟ್ಟಿ ಬಡಿಯುವ ಹಲಗೆಯ ಕೆಳಗೆ ರಬ್ಬರ್ ಹಾಸಿಕೊಟ್ಟೆ. ಸಪ್ಪಳ ತಗ್ಗಲಿಲ್ಲ, ಹಲಗೆ ಮಾತ್ರ ಕುಣಿಯತೊಡಗಿತು. ಆ ದಿನದ ರೊಟ್ಟಿ ನೋಡಿ ಖಾನಾವಳಿಯವರು, ಇದು ಯಾವ ಜಿಲ್ಲೆಯ ನಕ್ಷೆ ಎಂದು ಕೇಳಿದರಂತೆ.

೪. ನೋಟೀಸು

ತಿಂಗಳ ಕೊನೆಗೆ ಮೊದಲ ಮಹಡಿಯ ಮನೆ ಖಾಲಿಯಾಗಬೇಕೆಂದು ಮಾಲೀಕರು ನೋಟೀಸು ಬರೆದುಕೊಟ್ಟರು. ಇದೇ ಸಪ್ಪಳಕ್ಕೆ ಕಾಕು ಆಗಲೇ ನಾಲ್ಕು ಮನೆ ಬಿಟ್ಟಿದ್ದರು. ಇದು ಐದನೆಯದು, ಆರನೆಯದನ್ನು ಎಲ್ಲಿ ಹುಡುಕುವುದು? ಇಬ್ಬರೂ ಮಾಲೀಕರ ಮುಂದೆ ಹೋಗಿ ನಿಂತೆವು. ಕಾಕು ಅಳಲಿಲ್ಲ.

"ಸಾಹೇಬ್ರ, ಕೈ ನಿಂತ್ರ ನನ್ನ ಹೊಟ್ಟಿನೂ ನಿಂತಂಗರಿ. ಸಪ್ಪಳಿಲ್ಲದ ರೊಟ್ಟಿ ನನಗ ಬರಂಗಿಲ್ಲ."

ನಾನು ಅದನ್ನು ತೆಲುಗಿನಲ್ಲಿ ಹೇಳಿದೆ. ಮಾಲೀಕರು, ಬರೆದುಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ತಮಗಿಲ್ಲ ಎಂದರು. ಬೇರೆ ದಾರಿ ಇದ್ದರೆ ನಾನೇ ಹೇಳಬೇಕಂತೆ. ದಾರಿಯೇನೋ ಇತ್ತು. ನೆಲಮಹಡಿಯಲ್ಲಿ ಬಡಿದರೆ ಕೆಳಗೆ ಇರುವವಳು ಭೂಮಿತಾಯಿ ಒಬ್ಬಳೇ, ಎಂದೆ. ನೆಲಮಹಡಿಯಲ್ಲಿದ್ದದ್ದು ಒಂದೇ ಮನೆ, ಅವರದು. ಮಾಲೀಕರು ನನ್ನನ್ನು ದುರುಗುಟ್ಟಿ ನೋಡಿದರು. ಒಳಗಿನಿಂದ ಅವರ ಹೆಂಡತಿ, ಮೇಲೆ ಗಾಳಿ ಚೆನ್ನಾಗಿರುತ್ತದೆ ಎಂದರು.

ತಿಂಗಳ ಕೊನೆಗೆ ನೋಟೀಸಿನ ಒಂದಕ್ಷರವೂ ತಪ್ಪದೆ ಮೊದಲ ಮಹಡಿಯ ಮನೆ ಖಾಲಿಯಾಯಿತು. ಕಾಕು ಒಂದು ಹಲಗೆ, ಎರಡು ಟ್ರಂಕು ಹಿಡಿದು ಕೆಳಗಿಳಿದರು. ಬೀರು, ಮಂಚ, ದೇವರ ಮಂಟಪ ಹೊತ್ತು ಮೆಟ್ಟಿಲು ಹತ್ತುತ್ತ, ಏದುಸಿರು ಬಿಡುತ್ತ, ಇಡೀ ದಿನ ಮನೆ ಖಾಲಿ ಮಾಡಿದವರು ಮಾತ್ರ ನೋಟೀಸು ಕೊಟ್ಟವರು.