ಕಲ್ಲು ತಿನ್ನುವ ಹುಳಗಳ ಸಾಕಣೆ

ಹಸು ಸಾಕುವವರನ್ನು, ರೇಷ್ಮೆ ಸಾಕುವವರನ್ನು ಯಾರೂ ತಡೆದು ನಿಲ್ಲಿಸಿ ಏನೂ ಕೇಳುವುದಿಲ್ಲ. ಕಣ್ಣಿಗೆ ಕಾಣದ ಜೀವಾಣು ಸಾಕುತ್ತೇನೆ ಎಂದು ಒಮ್ಮೆ ಬಾಯಿ ಬಿಟ್ಟರೆ ಮುಗಿಯಿತು, ಪ್ರಸಂಗಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತವೆ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳು. ಮಳವಳ್ಳಿ ಕಡೆ ಒಂದು ಗುಡ್ಡದ ಬುಡದಲ್ಲಿ ಹಿಂದೆ ಯಾರೋ ಚಿನ್ನಕ್ಕೆಂದು ಅಗೆದು, ಬೇಜಾರಾಗಿ ಬಿಟ್ಟುಹೋದ ಗುಂಡಿಯಿದೆ. ಅಲ್ಲಿನ ಕಲ್ಲಿನಲ್ಲಿ ಚೂರೇ ಚೂರು ಚಿನ್ನ ಉಂಟು. ಆದರೆ ಕಬ್ಬಿಣ, ಗಂಧಕಗಳು ಅದನ್ನು ಗಟ್ಟಿಯಾಗಿ ಅಪ್ಪಿಕೊಂಡು ಕೂತಿವೆ. ಅದೇ ಗುಂಡಿಯ ಕೆಂಪು ಹುಳಿ ನೀರಿನಲ್ಲಿ ಹುಟ್ಟಿ ಬೆಳೆದ ಜೀವಾಣುಗಳಿಗೆ ಆ ಕಬ್ಬಿಣ, ಗಂಧಕವೇ ಊಟ. ಅವು ತಿಂದು ದಾರಿ ಬಿಡಿಸಿಕೊಟ್ಟರೆ ಒಳಗಿನ ಚಿನ್ನ ತೆಗೆಯುವುದು ನಮಗೆ ಸಲೀಸು.

ಈ ಕೆಲಸಕ್ಕೆ ಬೆಂಗಳೂರಿನಿಂದ ಒಂದು ಯೋಜನೆ ಮಂಜೂರಾಗಿತ್ತು. ಷರತ್ತು ಒಂದೇ. ಸಮಿತಿಯವರು ಬಂದಾಗ ಚಿನ್ನವನ್ನು ಕಣ್ಣಿಗೆ ತೋರಿಸಬೇಕು, ಇಲ್ಲದಿದ್ದರೆ ಯೋಜನೆ ಅಲ್ಲಿಗೇ ಬಂದ್. ಯೋಜನೆ ಹೋದರೆ ನನ್ನ ಲ್ಯಾಬೂ ಹೋಗುತ್ತಿತ್ತು. ಏಕೆಂದರೆ ಅದು ಮೊದಲು ಕ್ಯಾರಂ ಬೋರ್ಡು ಇಡುವ ಕೋಣೆ. ನಮ್ಮ ಪಿ.ಟಿ. ಮಾಸ್ತರು ಆಗಾಗ ಬಾಗಿಲಲ್ಲಿ ನಿಂತು "ಹೆಂಗವೆ ಮೇಡಂ, ಹುಸಾರಾಗವಾ?" ಎಂದು ನನ್ನ ಜೀವಾಣುಗಳ ಆರೋಗ್ಯ ವಿಚಾರಿಸುತ್ತಿದ್ದರು. ಆಸ್ತಿಗೆ ಕಾದ ದಾಯಾದಿ ಹಾಸಿಗೆ ಹಿಡಿದ ದೊಡ್ಡಪ್ಪನನ್ನು ವಿಚಾರಿಸಿದ ಹಾಗಿರುತ್ತಿತ್ತು. ಆ ಕೋಣೆಗಾಗಿ ನಾನು ಪ್ರಿನ್ಸಿಪಾಲರ ಬಾಗಿಲು ಸವೆಸಿದ್ದೆ, ಅದನ್ನು ಕ್ಯಾರಂ ಬೋರ್ಡಿಗೆ ಬಿಟ್ಟುಕೊಡುವುದೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಟಿಕೆಟ್

ಗುಂಡಿಯ ನೀರನ್ನು ಎರಡು ಕ್ಯಾನಿಗೆ ತುಂಬಿಕೊಂಡು ಮಳವಳ್ಳಿಯಲ್ಲಿ ಮಂಡ್ಯದ ಬಸ್ಸು ಹತ್ತಿದೆ. ಕಂಡಕ್ಟರು ಕ್ಯಾನನ್ನು ಕಾಲಲ್ಲಿ ಮುಟ್ಟಿ, ಡೀಸೆಲ್ಲೋ ಎಂದು ಕೇಳಿದರು. ಅಲ್ಲ ಎಂದೆ. ಹಾಗಾದರೆ ಆಸಿಡ್ಡೋ ಎಂದರು. ಬಿಸಿಲಲ್ಲಿ ಕ್ಯಾನು ಹೊತ್ತು ಬಂದ ಸುಸ್ತಿಗೆ ಸುಳ್ಳು ಹೊಳೆಯಲಿಲ್ಲ. ಜೀವಾಣು, ಬದುಕಿವೆ, ಅಲ್ಲಾಡಿಸಬೇಡಿ ಎಂದುಬಿಟ್ಟೆ.

ಅವರ ಮುಖ ಗಂಭೀರವಾಯಿತು. ಜೀವ ಇದ್ದ ಮೇಲೆ ಟಿಕೆಟ್ ಆಗಲೇಬೇಕು, ಕೋಳಿಗೇ ಬಿಡುವುದಿಲ್ಲ, ಮದ್ದೂರಿನಲ್ಲಿ ಚೆಕ್ಕಿಂಗಿನವರು ಹತ್ತುತ್ತಾರೆ ಎಂದರು. ಎಷ್ಟಿವೆ ಎಂದು ಕೇಳಿದರು. ಒಂದು ತೊಟ್ಟಿನಲ್ಲೇ ಲಕ್ಷಗಟ್ಟಲೆ ಇರುತ್ತವೆ ಎಂದೆ. ಟಿಕೆಟ್ ಮಿಷನ್ನನ್ನೂ ನನ್ನನ್ನೂ ಒಮ್ಮೆ ನೋಡಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಎಣಿಸಿಯೂ ಪ್ರಯೋಜನವಿಲ್ಲ, ಒಂದೊಂದೂ ಒಡೆದು ಎರಡಾಗುತ್ತಲೇ ಇರುತ್ತದೆ ಎಂದು ಪಾಠ ಸೇರಿಸಿದೆ.

ಇಡೀ ಬಸ್ಸು ಕಿವಿಗೊಟ್ಟಿತ್ತು. ಕಂಡಕ್ಟರು ತೀರ್ಪು ಕೊಟ್ಟರು.

"ಮಳವಳ್ಳೀಲಿ ಒಂದು ಅತ್ಬುಟ್ಟು ಮಂಡ್ಯದಲ್ಲಿ ಎರಡು ಇಳುದ್ರೆ ಚೆಕ್ಕಿಂಗ್‌ನೋರಿಗೆ ನಾನೇನ್ ಏಳ್ಲಿ ಮೇಡಂ? ಲಗೇಜು ಅಂತ ಆಕ್ಬುಡ್ತೀನಿ, ದಾರೀಲಿ ಏನಾರ ಮಾಡ್ಕಳ್ಳಿ."

ತಾಳಿ

ಸುದ್ದಿ ನನಗಿಂತ ಮುಂಚೆ ನೆಂಟರ ಮನೆಗಳಿಗೆ ತಲುಪಿತ್ತು, ಅದೂ ಸ್ವಲ್ಪ ಕೆಟ್ಟು. ಚಿಕ್ಕರಸಿನಕೆರೆಯಲ್ಲಿ ಒಂದು ನಾಮಕರಣಕ್ಕೆ ಹೋಗಿ ಹೆಂಗಸರ ನಡುವೆ ಕೂತೆ. ಕೂತದ್ದೇ ತಡ, ಅಕ್ಕಪಕ್ಕದವರೆಲ್ಲ ತಾಳಿ ಸರ, ಅವಲಕ್ಕಿ ಸರಗಳನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡರು. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಅದರ ಅಜ್ಜಿ ಮೊದಲು ಅದರ ಕಿವಿಯ ಓಲೆಯನ್ನು ಮುಚ್ಚಿ ಹಿಡಿದರು. ನಾನು ಚಿನ್ನ ತಿನ್ನುವ ಹುಳ ಸಾಕುತ್ತೇನೆ, ನನ್ನ ಮೈಮೇಲೆ ನಾಲ್ಕಾರು ಇದ್ದೇ ಇರುತ್ತವೆ ಎಂದು ಅಲ್ಲಿ ಮಾತಾಗಿತ್ತು.

ನನಗೆ ರೇಗಿತು. ಪಾಯಸ ಬದಿಗಿಟ್ಟು ವಿವರಿಸಿದೆ. ಅವು ಚಿನ್ನ ಮುಟ್ಟುವುದೇ ಇಲ್ಲ, ಅದರ ಸುತ್ತಲಿನ ಕಬ್ಬಿಣ, ಗಂಧಕ ಮಾತ್ರ ತಿನ್ನುತ್ತವೆ ಎಂದು ತರಗತಿಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳಿದೆ. ಎಲ್ಲರೂ ತಲೆದೂಗಿದರು. ಒಬ್ಬರೂ ಸರ ಹೊರಗೆ ತೆಗೆಯಲಿಲ್ಲ. ಆ ಅಜ್ಜಿಯೇ ಕೊನೆಗೆ ಸಮಾಧಾನದ ದನಿಯಲ್ಲಿ ಹೇಳಿದರು.

"ತಿನ್ನಕಿಲ್ಲ ಅಂತ ನೀ ಏಳ್ತೀಯ ಕಣವ್ವ. ಅವು ಏಳವಾ?"

ಬೆಲ್ಲ

ನಮ್ಮತ್ತೆಯದು ಆತಗೂರು ಕಡೆ. ಬಂದವರು ಊಟ ಮಾಡದೆ ಎದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಒಂದು ದಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಲ್ಯಾಬು ನೋಡಲು ಬಂದರು. ಗಾಜಿನ ಫ್ಲಾಸ್ಕುಗಳಲ್ಲಿ ನಸುಹಸಿರು ನೀರು, ತಳದಲ್ಲಿ ಕಲ್ಲಿನ ಪುಡಿ. ಇಷ್ಟೇನಾ ಇವಕ್ಕೆ ಕೊಡೋದು ಎಂದು ಕೇಳಿದರು. ಇಷ್ಟೇ ಎಂದೆ. ಮುಖ ಸಣ್ಣದಾಯಿತು. ಅಷ್ಟರಲ್ಲಿ ಫೋನು ಬಂತೆಂದು ನಾನು ಹೊರಗೆ ಹೋದೆ.

ಹುಳ ಚೆನ್ನಾಗಿ ತಿನ್ನುತ್ತಿದ್ದರೆ ನೀರು ಕೆಂಪಗೆ ತುಕ್ಕಿನ ಬಣ್ಣಕ್ಕೆ ತಿರುಗಬೇಕು. ಆ ವಾರ ಕಾದದ್ದೇ ಕಾದದ್ದು, ಮೇಜಿನ ಮೇಲಿನ ಒಂದು ಫ್ಲಾಸ್ಕೂ ತಿರುಗಲಿಲ್ಲ. ಪಿ.ಟಿ. ಮಾಸ್ತರು ಟೇಪು ಹಿಡಿದು ಬಂದು, ಸುಮ್ಮನೆ ಇರಲಿ ಎಂದು ಕೋಣೆಯ ಉದ್ದಗಲ ಅಳೆದುಕೊಂಡು ಹೋದರು. ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತಾಗ ಅತ್ತೆ ತಾವಾಗಿಯೇ ಹೇಳಿದರು. ಆವತ್ತು ಚೀಲದಲ್ಲಿ ಆಲೆಮನೆಯಿಂದ ತಂದ ಹೊಸ ಬೆಲ್ಲವಿತ್ತಂತೆ. ಪಾಪ ಎನ್ನಿಸಿ ಒಂದೊಂದಕ್ಕೂ ಒಂದೊಂದು ಚೂರು ಹಾಕಿದರಂತೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಜಾತಿಗೆ ಸಿಹಿಯೇ ವಿಷ, ಸಕ್ಕರೆ, ಬೆಲ್ಲ ಬಿದ್ದರೆ ಸತ್ತೇ ಹೋಗುತ್ತವೆ ಎಂದು ಕೂಗಾಡಿದೆ. ಪುಣ್ಯಕ್ಕೆ ಅತ್ತೆಗೆ ಎಟುಕದ ಮೇಲಿನ ಹಲಗೆಯಲ್ಲಿ ಒಂದು ಫ್ಲಾಸ್ಕು ಉಳಿದಿತ್ತು, ಮತ್ತೆ ಅದರಿಂದಲೇ ಎಲ್ಲವನ್ನೂ ಬೆಳೆಸಬೇಕಾಯಿತು. ಅತ್ತೆ ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನಿಜವಾದ ಅನುಮಾನದಿಂದಲೇ ಕೇಳಿದರು.

"ಬೆಲ್ಲ ತಿಂದ್ರೆ ಸಾಯೋವ್ನ ಮಂಡ್ಯಕ್ಕೆ ಯಾಕವ್ವ ತಂದೆ?"

ಸಮಿತಿ

ಕೊನೆಗೂ ಚಿನ್ನ ಬಂತು. ಮೂಟೆಗಟ್ಟಲೆ ಕಲ್ಲು ಕುಟ್ಟಿ, ಹುಳಗಳಿಗೆ ಉಣ್ಣಿಸಿ, ಉಳಿದದ್ದನ್ನು ಕರಗಿಸಿ, ಕಾಯಿಸಿ ಸಿಕ್ಕಿದ್ದು ರಾಗಿಕಾಳಿಗಿಂತ ಚಿಕ್ಕ ಒಂದು ಗುಂಡು. ಅದನ್ನು ನೋಡಿ ನಾನು ಒಬ್ಬಳೇ ಕೂತು ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು.

ಸಮಿತಿ ಬರುವ ದಿನ ಅದನ್ನು ಗಾಜಿನ ತಟ್ಟೆಯಲ್ಲಿಟ್ಟಿದ್ದೆ. ಪ್ರಿನ್ಸಿಪಾಲರು ಒಪ್ಪಲಿಲ್ಲ. ಚಿನ್ನವನ್ನು ಯಾರಾದರೂ ಬರೀ ಗಾಜಿನ ಮೇಲಿಟ್ಟು ತೋರಿಸುತ್ತಾರೆಯೇ, ಲಕ್ಷಣವಾಗಿ ವೀಳ್ಯದೆಲೆ ಮೇಲಿಡಿ ಎಂದು ತಾವೇ ಬೆಳ್ಳಿ ತಟ್ಟೆ ತರಿಸಿದರು. ಫ್ಯಾನಿನ ಗಾಳಿಗೆ ಹಾರಿಹೋದೀತೆಂದು ನಾನು ಒಂದು ತೊಟ್ಟು ಜೇನುತುಪ್ಪದಲ್ಲಿ ಗುಂಡನ್ನು ಎಲೆಗೆ ಅಂಟಿಸಿ ಮೇಜಿನ ಮೇಲಿಟ್ಟೆ.

ಸಮಿತಿಯ ಅಧ್ಯಕ್ಷರು ಬೆಂಗಳೂರಿನ ಹಿರಿಯ ವಿಜ್ಞಾನಿ. ಮುದ್ದೆ, ನಾಟಿ ಕೋಳಿ ಸಾರು ಚೆನ್ನಾಗಿಯೇ ಹೊಡೆದು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ನಾನು ಪರದೆಯ ಕಡೆ ತಿರುಗಿ ವಿವರಿಸತೊಡಗಿದೆ. ಎಲ್ಲ ಮುಗಿಸಿ, ಈಗ ಚಿನ್ನವನ್ನೇ ನೋಡೋಣ ಎಂದು ಈ ಕಡೆ ತಿರುಗಿದರೆ ಬೆಳ್ಳಿ ತಟ್ಟೆ ಖಾಲಿ. ಅಧ್ಯಕ್ಷರು ಕಣ್ಣು ಅರೆಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದರು.

"ಸರ್, ಎಲೆ..." ಎಂದೆ.

"ಎಲೆ ಚೆನ್ನಾಗಿತ್ತಮ್ಮ, ಜೇನುತುಪ್ಪ ಹಾಕಿದ್ದು ಒಳ್ಳೇದಾಯ್ತು. ಏನೋ ಒಂದು ಸಣ್ಣ ಕಲ್ಲು ಸಿಕ್ಕಿತು, ನುಂಗಿಬಿಟ್ಟೆ."

ಪ್ರಿನ್ಸಿಪಾಲರು ಫ್ಯಾನು ನೋಡುತ್ತಿದ್ದರು. ಬಾಗಿಲಲ್ಲಿದ್ದ ಪಿ.ಟಿ. ಮಾಸ್ತರ ಮುಖದಲ್ಲಿ ಕ್ಯಾರಂ ಬೋರ್ಡುಗಳು ಸಾಲಾಗಿ ಒಳಗೆ ಬರುತ್ತಿದ್ದವು. ಯಾರಾದರೂ ಹೇಳಲೇಬೇಕಿತ್ತು. ನಾನೇ ಹತ್ತಿರ ಹೋಗಿ, ಸರ್, ಅದೇ ಚಿನ್ನ, ಬೇರೆ ಇಲ್ಲ ಎಂದೆ. ಅವರ ದವಡೆ ನಿಂತಿತು. ಉಳಿದ ಇಬ್ಬರು ಸದಸ್ಯರು ಫೈಲು ಎತ್ತಿ ಮುಖ ಮುಚ್ಚಿಕೊಂಡರು, ಅವರ ಭುಜಗಳು ಮಾತ್ರ ಕುಣಿಯುತ್ತಿದ್ದವು.

ಅಧ್ಯಕ್ಷರು ಎದ್ದು ಹೋಗಿ ಬಾಯಿ ತೊಳೆದು ಬಂದು ಕೂತರು. ಚಿನ್ನ ಕಾಣಲಿಲ್ಲ ಎಂದು ಬರೆದರೆ ಎಲ್ಲಿ ಹೋಯಿತೆಂದೂ ಬರೆಯಬೇಕಾಗುತ್ತದಲ್ಲ. ಗಂಟಲು ಸರಿಮಾಡಿಕೊಂಡು ಅಲ್ಲೇ ವರದಿ ಹೇಳಿ ಬರೆಸಿದರು. ಚಿನ್ನ ದೊರೆತಿರುವುದರಲ್ಲಿ ಸಮಿತಿಗೆ ಎಳ್ಳಷ್ಟೂ ಅನುಮಾನವಿಲ್ಲ, ಯೋಜನೆ ಮುಂದುವರಿಯಲಿ. ನನ್ನ ಕಾಲು ನೆಲದ ಮೇಲಿರಲಿಲ್ಲ. ಪಿ.ಟಿ. ಮಾಸ್ತರು ಟೇಪು ಸುತ್ತಿಕೊಂಡು ಹೊರಟುಹೋದರು.

ಸಮಿತಿಯ ಕಾರು ಗೇಟು ದಾಟುವವರೆಗೂ ನಮ್ಮ ಅಟೆಂಡರು ಖಾಲಿ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಮುಖ ನೋಡಿದರೆ ದುಃಖ ಅವನಿಗೇ ಹೆಚ್ಚಾಗಿತ್ತು.

"ಕಲ್ಲೊಳಗಿದ್ದುದ್ನೇ ಈಚೆಗ್ ತೆಗ್ದವೆ ಮೇಡಂ, ಸಾಯೇಬ್ರ ಒಟ್ಟೇಲಿರೋದ್ನ ತೆಗಿಯಕಿಲ್ವಾ?" ಎಂದ. "ಓಗೋ ಮುಂಚೆ ಒಂದು ಲೋಟ ಉಳ ಕುಡ್ಸಿ ಕಳ್ಸಿದ್ರಾಯ್ತಿತ್ತು."