ಸೊಸೆ ಎತ್ತಿದ ಗುಂಡು

ಇಂಗ್ಲಿಷ್ ಪಾಠಕ್ಕೆ ಊರ ಕಥೆ ತಂದವರು ನಗೆಪಾಟಲಾಗುವುದು ತಪ್ಪಿದ್ದಲ್ಲ. ನನಗಂತೂ ವರ್ಗವಾದ ಊರೂರಿನಲ್ಲೂ ಆಗಿದೆ. ನಾನು ತಂದದ್ದು ಒಂದೇ ಕಥೆ. ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಹೇಳುತ್ತಿದ್ದದ್ದು. ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಪೈಲ್ವಾನರು ಗುಂಡುಕಲ್ಲು ಎತ್ತಲಾರದೆ ಬೆವರುತ್ತಿದ್ದಾಗ, ಕಸ ಹೊಡೆಯಲು ಬಂದ ಸೊಸೆಯೊಬ್ಬಳು ಅದನ್ನು ಕಂಕುಳಲ್ಲಿ ಇರುಕಿಕೊಂಡು, ಅಡಿಯ ಕಸ ಗುಡಿಸಿ, ಮತ್ತೆ ಅಲ್ಲೇ ಇಟ್ಟು ಹೋದಳಂತೆ.

ಆಯಿ ಹೋದ ಮೇಲೆ ಆ ಕಥೆಯನ್ನು ನನಗೆ ಯಾರೂ ಹೇಳಲಿಲ್ಲ. ನಾನೇ ಎಲ್ಲರಿಗೂ ಹೇಳುತ್ತ ಬಂದೆ. ಒಮ್ಮೆಯಾದರೂ ಇನ್ನೊಬ್ಬರ ಬಾಯಿಂದ, ಯಾವ ಭಾಷೆಯಲ್ಲಾದರೂ ಸರಿ, ಕೊನೆಯತನಕ ಕೇಳಬೇಕೆಂಬ ಆಸೆ ಮಾತ್ರ ಬಿಡಲಿಲ್ಲ.

ಮಾವ ದಾರಿ ತಪ್ಪಿದರೆ

ಇಂಡಿ ತಾಲೂಕಿನ ತಾಂಬಾದಲ್ಲಿದ್ದಾಗ ಕಥೆ ಹೇಳಿ, "ನಾಳೆ ನೀವು ಇಂಗ್ಲಿಷಿನಲ್ಲಿ ಹೇಳಬೇಕು" ಎಂದೆ. ಮರುದಿನ ಒಬ್ಬರೂ ಏಳಲಿಲ್ಲ.

"ಹಗಲಿ ಕಥಿ ಹೇಳಿದ್ರ ಸ್ವಾದರಮಾವ, ಅವ್ವನ ತಮ್ಮ, ದಾರಿ ತಪ್ತಾನಂತ್ರಿ, ಟೀಚರ್."

"ನಿನ್ನಿ ನಾ ಹೇಳಿದ್ನಲ್ಲ?"

"ಅದು ನಿಮ್ಮ ಮಾವರಿ."

ಕೊನೆಗೆ ಕಿಟಕಿಗಳನ್ನೆಲ್ಲ ಮುಚ್ಚಿ ರಾತ್ರಿ ಮಾಡುವುದೆಂದು ಒಪ್ಪಂದವಾಯಿತು. ಅಷ್ಟರಲ್ಲಿ ಹೆಡ್‌ಮಾಸ್ತರರು ಇಣುಕಿ, "ಇದೇನ್ರಿ, ಕತ್ತಲದಾಗ ಪಾಠ?" ಎಂದರು. ಅಂಜುತ್ತಲೇ ಕಾರಣ ಹೇಳಿದೆ. ಅವರು ಬಾಗಿಲನ್ನೂ ಎಳೆದುಕೊಂಡು ಹೋದರು. ಆ ಗಡಿಬಿಡಿಯಲ್ಲಿ ಗಂಟೆ ಹೊಡೆದು, ಕಥೆ ಹಾಗೇ ಉಳಿಯಿತು.

ಚಹದ ಹೊತ್ತಿಗೆ ಹೆಡ್‌ಮಾಸ್ತರರು ಹತ್ತಿರ ಬಂದರು. "ಚಲೋ ಮಾಡಿದ್ರಿ, ಟೀಚರ್. ನಮ್ಮಕ್ಕನ ಮಗಳು ಅದ ವರ್ಗದಾಗ ಅದಾಳ್ರಿ."

ಬೀಗತನ

ಮುದ್ದೇಬಿಹಾಳದಲ್ಲಿ ಕಥೆ ಹೇಳಿದ ಮರುದಿನವೇ ಒಬ್ಬ ವಿದ್ಯಾರ್ಥಿನಿಯ ಅಪ್ಪ ಮೋಟರ್‌ಸೈಕಲ್ ಹತ್ತಿ ಶಾಲೆಗೆ ಬಂದ.

"ಆ ಕಲ್ಲು ನಮ್ಮೂರ ಅಗಸ್ಯಾಗ ಇನ್ನೂ ಐತ್ರಿ. ಅಕಿ ನಮ್ಮೂರಾಕಿ. ಮೋರಟಗಿಗೆ ಹೆಂಗ ಕೊಟ್ರಿ?"

ನಾನೂ ಬಿಡಲಿಲ್ಲ, ಆಯಿಯ ಮಾತಲ್ಲವೇ. ಕೊನೆಗೆ ರಾಜಿಯಾಯಿತು: ಅವಳ ತವರು ಅವರೂರು, ಗಂಡನ ಮನೆ ನಮ್ಮೂರು. ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗೆಲ್ಲ "ಬರ್ರಿ ಬೀಗತಿ" ಎಂದು ಚಹ ಕುಡಿಸುತ್ತಿದ್ದ. ಕಥೆ ಹೇಳುವವರು ಸಿಗದಿದ್ದರೂ ಬಳಗ ಸಿಕ್ಕಿತಲ್ಲ ಎಂದು ಸಮಾಧಾನವಾಗುತ್ತಿತ್ತು.

ಒಂದು ದಿನ ಚಹದ ಕಪ್ಪು ಕೆಳಗಿಟ್ಟು, ಮುಖ ಸಣ್ಣದು ಮಾಡಿ ಹೇಳಿದ: "ಒಂದ ಬ್ಯಾಸರ ಬೀಗತಿ. ನಮ್ಮೂರಿಂದ ಬಂದ ಹುಡುಗಿನ್ನ ಊರ ಕಸಾ ಹೊಡ್ಯಾಕ ಹಚ್ಚಬಾರದಾಗಿತ್ತು."

ಬಾಗೇವಾಡಿಯ ಹುಡುಗಿ

ಈಗ ಬಸವನ ಬಾಗೇವಾಡಿಯಲ್ಲಿದ್ದೇನೆ. ಹೋದ ವಾರ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ತಾನಾಗಿ ಎದ್ದು, ನಾನು ಹೇಳಿದ್ದ ಆ ಕಥೆಯನ್ನೇ ಇಂಗ್ಲಿಷಿನಲ್ಲಿ ಶುರು ಮಾಡಿದಳು. "ಒನ್ ಸೊಸಿ ಕಮಿಂಗ್, ಪೈಲ್ವಾನ್ ಸ್ವೆಟಿಂಗ್." ತಿದ್ದಲು ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿ ಕೇಳಿದೆ. ಸೊಸೆ ಕಲ್ಲಿಗೆ ಕೈ ಹಚ್ಚುವ ಹೊತ್ತಿಗೆ ಸದ್ದೇ ನಿಂತುಹೋಯಿತು.

"ಮುಂದೆ ಹೇಳವಾ."

"ನೀವು ಹೂಂ ಅನ್ನವಲ್ರಿ, ಟೀಚರ್. ಹೂಂ ಅನ್ನದ ಕಥಿ ಹೆಂಗ ಮುಂದ ಹೋಗತೈತ್ರಿ?"

"ಇಂಗ್ಲಿಷಿನಾಗ ಹೂಂ ಅನ್ನೂದಿಲ್ಲ."

"ಹಂಗಾರ ಕೇಳವ್ರು ಎದ್ದಾರೋ ಮಲಗ್ಯಾರೋ ಹೇಳವ್ರಿಗೆ ಹೆಂಗ ತಿಳೀತೈತ್ರಿ?"

ಹೂಂ ಎಂದೆ. ಮಾತಿಗೊಂದು ಹೂಂ. ಎಷ್ಟು ವರ್ಷವಾಗಿತ್ತು ನಾನು ಹೂಂ ಎಂದು. ಆಯಿ ಬೇಕು ಅನ್ನಿಸಿತು, ಈಗಲೇ, ಇಲ್ಲೇ. ಸೊಸೆ ಕಲ್ಲನ್ನು ಅಲ್ಲೇ ಇಟ್ಟು ಮನೆಗೆ ಹೋದಳು. ಕಥೆ ಮುಗಿಯಿತು. ಸೆರಗಿನಿಂದ ಎಷ್ಟು ಒರೆಸಿದರೂ ಕಣ್ಣೀರು ನಿಲ್ಲಲಿಲ್ಲ.

ಪಕ್ಕದ ಹುಡುಗಿ ಮೆಲ್ಲಗೆ ಎದ್ದು ನಿಂತು ಸಮಾಧಾನ ಮಾಡಿದಳು:

"ಇಕಿ ಇಂಗ್ಲಿಷಿಗೆ ಅಳಬ್ಯಾಡ್ರಿ, ಟೀಚರ್. ನಂದು ಇನ್ನೂ ಕೆಟ್ಟ ಐತಿ."