ಭಾವನ ಬೆನ್ನ ಮೇಲಿನ ಅಕ್ಕಿ

ಇವತ್ತು ಬಟ್ಟೆ ಒಗೆದದ್ದಾಯಿತು, ಚಟ್ನಿಪುಡಿ ಮಾಡಿದ್ದಾಯಿತು, ಕಾಲುಚೀಲದ ತೂತು ಹೊಲಿದದ್ದಾಯಿತು, ಭಾವನ ಬೆನ್ನುಚೀಲದಿಂದ ಅಕ್ಕಿ ಇಳಿಸಿದ್ದೂ ಆಯಿತು. ನಮ್ಮಕ್ಕನ ಗಂಡನಿಗೆ ತಲೆ ಕೆಟ್ಟಿದೆ ಅಂತ ನಾನಂತೂ ಹೇಳುವುದಿಲ್ಲಪ್ಪ. ಹಾಗೆ ಹೇಳುವವರಿಗೆ ಹೂಸ್ಟನ್ನಿನಲ್ಲೇನು ಕೊರತೆಯೇ!

ಚೆಲ್ಲಿದ ನೀರಿಗೂ ಯಾವ ಕಡೆ ಹರಿಯಬೇಕೆಂದು ತಿಳಿಯದಷ್ಟು ಚಪ್ಪಟೆ ಊರಿದು. ಇಲ್ಲಿಂದ ಭಾವ ಕಾಂಚನಜುಂಗಾ ಹತ್ತಲು ಹೊರಟಿದ್ದಾರೆ! ಒಂದು ತಂಡ ಅವರನ್ನು ಡಾಕ್ಟರಾಗಿ ಸೇರಿಸಿಕೊಂಡಿದೆ. "ಈ ಊರಿನವರು ಚಂದ್ರನಲ್ಲಿಗೇ ಹೋಗಿಬಂದರು, ನಾನು ಬೆಟ್ಟಕ್ಕೆ ಹೋಗಬಾರದೇನು?" ಅನ್ನುತ್ತಾರೆ.

ಅಭ್ಯಾಸಕ್ಕೆ ಬೆಟ್ಟವೆಲ್ಲಿ? ಆಸ್ಪತ್ರೆಯ ಕಾರು ನಿಲ್ಲಿಸುವ ಕಟ್ಟಡದ ಮೆಟ್ಟಿಲೇ ಬೆಟ್ಟ. ಭಾರಕ್ಕೆಂದು ಬೆನ್ನ ಮೇಲೆ ಅಕ್ಕಿ. ಕಾವಲಿನವನು ಕನಿಕರದಿಂದ, "ಡಾಕ್ಟರೇ, ಲಿಫ್ಟ್ ಕೆಲಸ ಮಾಡ್ತಿದೆ" ಅಂದನಂತೆ.

"ಅಲ್ಲಿ ಮಾಡಲ್ಲಪ್ಪ!" ಅಂದರಂತೆ ಭಾವ.

ಆಮೇಲೆ ಚಳಿಯ ಅಭ್ಯಾಸ. ಹೊರಗೆ ಟಾರು ಕರಗುವ ಬಿಸಿಲು. ಒಳಗೆ ಭಾವ ಏಸಿ ತಿರುಗಿಸುವಷ್ಟೂ ತಿರುಗಿಸಿದರೆ, ಅಕ್ಕ ಸ್ವೆಟರು, ಮಂಕಿಕ್ಯಾಪ್ ಹಾಕಿಕೊಂಡು ಹುಳಿ ಕುದಿಸುತ್ತಾಳೆ. ಹೆಪ್ಪು ಹಾಕಿದ ಹಾಲು ಬೆಳಿಗ್ಗೆಗೂ ಹಾಲೇ! ಮೊಸರನ್ನವಿಲ್ಲದೆ ಊಟ ಮುಗಿಯದ ಭಾವ, "ಇದೂ ತರಬೇತಿನೇ ಕಣೇ" ಅಂತ ಬಡಪಾಯಿಯ ಹಾಗೆ ಕೈತೊಳೆಯುತ್ತಾರೆ.

ನಾನು ನಗುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ. ಹೋಗಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾಳೆ ವಿಮಾನ.

ಸಂಜೆ ಭಾವ ಹುರುಪಿನಿಂದ ಹೇಳುತ್ತಿದ್ದರು: "ಆ ಬೆಟ್ಟದ ನೆತ್ತಿ ತುಳಿಯೋ ಹಾಗಿಲ್ಲ. ಅಲ್ಲಿಯವರಿಗೆ ಅದು ದೇವರು. ಸ್ವಲ್ಪ ಕೆಳಗೇ ನಿಂತು, ಕೈಮುಗಿದು ವಾಪಸ್ಸು!"

"ರೀ, ಹಾಗಾದ್ರೆ ಇನ್ನೂ ಸ್ವಲ್ಪ ಕೆಳಗೆ ನಿಂತರೂ ನಡೆಯುತ್ತಲ್ವಾ?" ಅಂದಳು ಅಕ್ಕ.

"ಎಷ್ಟು ಕೆಳಗೆ?"

ಅಕ್ಕ ಮನೆಯ ಹೊಸ್ತಿಲು ತೋರಿಸಿದಳು.

ಭಾವ ಎದ್ದು ಹೋಗಿ ಏಸಿ ಆರಿಸಿದರು. "ಇವತ್ತು ಹೆಪ್ಪು ಹಾಕೇ. ನಾನು ಬರೋವರೆಗೂ ದಿನಾ ಹಾಕ್ತಿರು, ಕೆಡಿಸಬೇಡ. ಬಂದವನೇ ಮೊಸರನ್ನ ಕೇಳ್ತೀನಿ."

"ಹೆಪ್ಪು ನಾನು ಉಳಿಸ್ಕೊತೀನಿ. ನೀವು ಬನ್ನಿ," ಅಂದಳು ಅಕ್ಕ. ಹೋಗಿಬನ್ನಿ ಅಂದ ಹಾಗೆಯೇ ಆಯಿತಲ್ಲ!

ರಾತ್ರಿ ಉಂಡದ್ದು ಬೇಸಿಗೆಯಿಡೀ ಮೆಟ್ಟಿಲು ಹತ್ತಿಳಿದ ಆ ಅಕ್ಕಿಯದೇ ಅನ್ನ, ಬದನೆಕಾಯಿ ಹುಳಿ, ನಾನು ನಮ್ಮ ಮನೆಯಿಂದ ತಂದಿದ್ದ ಮೊಸರು. ಭಾವ ತಮ್ಮ ಬೆಟ್ಟದ ಉಣ್ಣೆಟೋಪಿಯನ್ನು ಹೆಪ್ಪು ಹಾಕಿದ ಪಾತ್ರೆಗೆ ತೊಡಿಸಿ, ಅದರ ಪಕ್ಕದಲ್ಲೇ ಕೂತರು. ಇಷ್ಟು ದಿನ ನಿದ್ದೆಗೆಟ್ಟಿದ್ದ ಅಕ್ಕನೇ ಇವತ್ತು ಮೊದಲು ನಿದ್ದೆ ಹೋದವಳು.